ಖಾಸಗಿತನ ಕೇಂದ್ರಿತ ಮೊಬೈಲ್ ಫೋನ್ ಮತ್ತು ವೈಯಕ್ತಿಕ ಸಂಗೀತ ಸಂಗ್ರಹ

ಖಾಸಗಿತನ ಕೇಂದ್ರಿತ ಮೊಬೈಲ್ ಫೋನ್ ಎಂಬುದು ಬಳಕೆದಾರರ ನೆಲೆ, ಸಂಪರ್ಕ, ಹುಡುಕಾಟ, ಆಲಿಸುವ ಅಭ್ಯಾಸ ಮೊದಲಾದ ವಿವರಗಳನ್ನು ತಯಾರಕ ಸಂಸ್ಥೆಗಳಿಗೂ ಜಾಹೀರಾತು ಸಂಸ್ಥೆಗಳಿಗೂ ಸಾಧ್ಯವಾದಷ್ಟು ಕಡಿಮೆ ರವಾನಿಸುವಂತೆ ರೂಪಿಸಿದ ಫೋನ್. ಇಂತಹ ಫೋನಿನಲ್ಲಿ ಗೂಗಲ್ ಅಥವಾ ತಯಾರಕ ಸಂಸ್ಥೆಯ ಖಾತೆ ಕಡ್ಡಾಯವಲ್ಲ. ಹೀಗಾಗಿ ಚಿತ್ರ, ಸಂಪರ್ಕ ಸಂಖ್ಯೆ, ಹಾಡು ಮೊದಲಾದವುಗಳ ಪ್ರತಿ ದೂರದ ಸರ್ವರಿನಲ್ಲಿ ತಾನಾಗಿ ಉಳಿಯುವ ವ್ಯವಸ್ಥೆಯೂ ಇರುವುದಿಲ್ಲ. ಮಾಹಿತಿಯ ಒಡೆತನ ಬಳಕೆದಾರರಿಗೆ ಮರಳುವುದರೊಂದಿಗೆ ಅದನ್ನು ಕಾಪಾಡುವ ಹೊಣೆಯೂ ಅವರಿಗೇ ಸೇರುತ್ತದೆ. ಈ ಹೊಣೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ವೈಯಕ್ತಿಕ ಸಂಗೀತ ಸಂಗ್ರಹದ ವಿಷಯದಲ್ಲಿ. ಈ ಲೇಖನವು ಇಂತಹ ಫೋನಿಗೆ ಬದಲಾಗುವ ಕ್ರಮವನ್ನೂ ಸಂಗೀತ ಸಂಗ್ರಹದ ನಿರ್ವಹಣೆಯನ್ನೂ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ನಿದರ್ಶನಗಳೊಂದಿಗೆ ವಿವರಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಬಳಕೆಯಲ್ಲಿರುವ ಸ್ಮಾರ್ಟ್‌ಫೋನುಗಳಲ್ಲಿ ಬಹುಪಾಲು ಆಂಡ್ರಾಯ್ಡ್ ಕಾರ್ಯಾಚರಣಾ ವ್ಯವಸ್ಥೆಯವು. ಆಂಡ್ರಾಯ್ಡಿನ ಮೂಲ ಸಂಕೇತ ಮುಕ್ತವಾಗಿದ್ದು, ಯಾರು ಬೇಕಾದರೂ ಅದನ್ನು ಪಡೆದು ಮಾರ್ಪಡಿಸಬಹುದು. ಆದರೆ ಅಂಗಡಿಯಲ್ಲಿ ದೊರೆಯುವ ಫೋನುಗಳಲ್ಲಿ ಆ ಮೂಲದ ಮೇಲೆ ಗೂಗಲ್ ಪ್ಲೇ ಸೇವೆಗಳು, ತಯಾರಕರ ಆ್ಯಪ್‌ಗಳು ಮತ್ತು ಜಾಹೀರಾತು ಗುರುತಿನ ಸಂಖ್ಯೆ ಸೇರಿಕೊಂಡಿರುತ್ತವೆ. ಭಾರತೀಯ ಸ್ಪರ್ಧಾ ಆಯೋಗವು ಅಕ್ಟೋಬರ್ 2022ರಲ್ಲಿ, ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ಪ್ರಬಲ ಸ್ಥಾನವನ್ನು ದುರುಪಯೋಗಪಡಿಸಿಕೊಂಡದ್ದಕ್ಕಾಗಿ ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ತನ್ನ ಆ್ಯಪ್‌ಗಳ ಸಮೂಹವನ್ನು ಫೋನುಗಳಲ್ಲಿ ಮೊದಲೇ ಅಳವಡಿಸುವಂತೆ ತಯಾರಕರನ್ನು ಕಟ್ಟುಪಾಡಿಗೆ ಒಳಪಡಿಸಿದ್ದು ಆ ಆದೇಶದ ಮುಖ್ಯ ವಿಷಯಗಳಲ್ಲಿ ಒಂದು.

ಖಾಸಗಿತನಕ್ಕೆ ಭಾರತದಲ್ಲಿ ಸಾಂವಿಧಾನಿಕ ನೆಲೆ ದೊರೆತದ್ದರ ಹಿಂದೆ ಕರ್ನಾಟಕದ ಕೊಡುಗೆಯಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಮುಂದೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಅಂಗೀಕಾರಗೊಂಡಿತು. ಅದರ ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾದವು. ಕಾನೂನು ಸಂಸ್ಥೆಗಳ ನಡವಳಿಕೆಯನ್ನು ನಿಯಂತ್ರಿಸುತ್ತದೆ. ಖಾಸಗಿತನ ಕೇಂದ್ರಿತ ಫೋನಾದರೋ ಮಾಹಿತಿ ಸಂಗ್ರಹವಾಗುವುದನ್ನೇ ಮೊದಲ ಹಂತದಲ್ಲಿ ಕಡಿಮೆ ಮಾಡುತ್ತದೆ.

ಫೋನುಗಳ ಬಗೆಗಳು

ಖಾಸಗಿತನ ಕೇಂದ್ರಿತ ವ್ಯವಸ್ಥೆಗಳಲ್ಲಿ ಹೆಚ್ಚಿನವು ಆಂಡ್ರಾಯ್ಡಿನ ಮುಕ್ತ ಮೂಲದಿಂದಲೇ ರೂಪುಗೊಂಡಿವೆ.

* ಗ್ರಾಫೀನ್ ಓಎಸ್: ಭದ್ರತೆಗೆ ಹೆಚ್ಚಿನ ಒತ್ತು ನೀಡುವ ವ್ಯವಸ್ಥೆ. ಇದನ್ನು ಗೂಗಲ್ ಸಂಸ್ಥೆಯದೇ ಆದ ಪಿಕ್ಸೆಲ್ ಫೋನುಗಳಿಗಾಗಿ ಬೆಳೆಸಲಾಯಿತು. ಪ್ರತಿಯೊಂದು ಆ್ಯಪ್‌ಗೆ ಅಂತರ್ಜಾಲದ ಅನುಮತಿಯನ್ನು ಪ್ರತ್ಯೇಕವಾಗಿ ನಿರಾಕರಿಸುವ ಸೌಲಭ್ಯ ಇದರಲ್ಲಿದೆ.
* ಲೀನಿಯೇಜ್ ಓಎಸ್: ಸಯನೋಜೆನ್‌ಮಾಡ್ ಯೋಜನೆ 2016ರ ಕೊನೆಯಲ್ಲಿ ನಿಂತುಹೋದಾಗ ಅದರ ಮುಂದುವರಿಕೆಯಾಗಿ ಹುಟ್ಟಿದ ವ್ಯವಸ್ಥೆ. ತಯಾರಕರು ನವೀಕರಣ ನಿಲ್ಲಿಸಿದ ಹಲವು ಹಳೆಯ ಫೋನುಗಳಿಗೂ ದೊರೆಯುತ್ತದೆ.
* ಇ/ಓಎಸ್: ಫ್ರಾನ್ಸಿನ ಗಾಯೆಲ್ ದ್ಯುವಾಲ್ ಆರಂಭಿಸಿದ ಯೋಜನೆ. ಗೂಗಲ್ ಸೇವೆಗಳಿಗೆ ಬದಲಿ ಸೇವೆಗಳನ್ನು ಒದಗಿಸುತ್ತದೆ.
* ಭರೋಸ್: ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು ಜನವರಿ 2023ರಲ್ಲಿ ಪ್ರಕಟಿಸಿದ ಭಾರತೀಯ ವ್ಯವಸ್ಥೆ. ಮೊದಲೇ ಅಳವಡಿಸಿದ ಆ್ಯಪ್‌ಗಳಿಲ್ಲದಿರುವುದು ಇದರ ವೈಶಿಷ್ಟ್ಯ.

ಮುಕ್ತ ತಂತ್ರಾಂಶದ ಆ್ಯಪ್‌ಗಳನ್ನು 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಭಂಡಾರದಿಂದ ಖಾತೆ ತೆರೆಯದೆಯೇ ಪಡೆಯಬಹುದು. ಕನ್ನಡ ಅಕ್ಷರಗಳನ್ನು ತೋರಿಸುವ ವ್ಯವಸ್ಥೆ ಆಂಡ್ರಾಯ್ಡಿನ ಮುಕ್ತ ಮೂಲದಲ್ಲೇ ಸೇರಿದೆ. ಕನ್ನಡದಲ್ಲಿ ಬರೆಯಲು ಇಂಡಿಕ್ ಕೀಬೋರ್ಡ್‌ನಂತಹ ಮುಕ್ತ ಕೀಲಿಮಣೆಗಳಿವೆ.

ಆಯ್ಕೆಯ ಹಂತದಲ್ಲೇ ಸಂಗೀತಪ್ರಿಯರು ಗಮನಿಸಬೇಕಾದ ಅಂಶವೊಂದಿದೆ. ಪಿಕ್ಸೆಲ್ ಫೋನುಗಳಲ್ಲಿ ಮೆಮೊರಿ ಕಾರ್ಡಿನ ಕಿಂಡಿ ಇಲ್ಲ. ಈಚಿನ ಮಾದರಿಗಳಲ್ಲಿ ತಂತಿಯ ಹೆಡ್‌ಫೋನಿನ ಕಿಂಡಿಯೂ ಇಲ್ಲ. ಕಾರ್ಡಿನಲ್ಲಿ ಹಾಡು ಇಟ್ಟುಕೊಳ್ಳುವ ರೂಢಿಯವರು ಇಂತಹ ಫೋನನ್ನು ಆರಿಸಿದರೆ ಫೋನಿನ ಆಂತರಿಕ ಸ್ಥಳವನ್ನೂ ಯುಎಸ್‌ಬಿ ಕಿಂಡಿಗೆ ಜೋಡಿಸುವ ಓಟಿಜಿ ಪೆನ್‌ಡ್ರೈವನ್ನೂ ಅವಲಂಬಿಸಬೇಕಾಗುತ್ತದೆ. ಕಾರ್ಡಿನ ಕಿಂಡಿಯಿರುವ ಹಳೆಯ ಫೋನಿಗೆ ಲೀನಿಯೇಜ್ ಓಎಸ್ ಅಳವಡಿಸಿಕೊಳ್ಳುವುದು ಮತ್ತೊಂದು ಮಾರ್ಗ. ಆದರೆ ಇದರಲ್ಲಿ ಬೂಟ್‌ಲೋಡರ್ ಎಂಬ ಆರಂಭಿಕ ತಂತ್ರಾಂಶದ ಬೀಗ ಸಾಮಾನ್ಯವಾಗಿ ತೆರೆದೇ ಉಳಿಯುವುದರಿಂದ ಭದ್ರತೆ ಅಷ್ಟರಮಟ್ಟಿಗೆ ಕಡಿಮೆ.

ಸಂಗೀತ ಸಂಗ್ರಹ ಮತ್ತು ರಾಯಚೂರು ಪರಿಸರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶ ಹಾಡುಗಾರಿಕೆಯ ನಾಡು. ವಿಜಯದಾಸರ (1682–1755) ಹುಟ್ಟೂರಾದ ಚೀಕಲಪರ್ವಿ ಮಾನ್ವಿಯ ಸಮೀಪದಲ್ಲಿದೆ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರೂ 'ಹರಿಕಥಾಮೃತಸಾರ'ದ ಕರ್ತೃವೂ ಆದ ಜಗನ್ನಾಥದಾಸರು (1728–1809) ಮಾನ್ವಿಯಲ್ಲಿ ನೆಲೆಸಿದ್ದರು. ವಚನ ಗಾಯನಕ್ಕೂ ಹಿಂದೂಸ್ತಾನಿ ಸಂಗೀತಕ್ಕೂ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರು ನಗರದಲ್ಲಿದೆ. ಭಜನೆ, ತತ್ವಪದ, ಸೋಬಾನೆ, ಮೊಹರಂ ಪದ ಇವೆಲ್ಲವೂ ಇಲ್ಲಿನ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿವೆ.

ಆದ್ದರಿಂದ ಇಲ್ಲಿನ ಒಂದು ಮನೆಯ ಸಂಗೀತ ಸಂಗ್ರಹದಲ್ಲಿ ಎರಡು ಬಗೆಯ ಕಡತಗಳಿರುವುದು ಸಹಜ. ಚಲನಚಿತ್ರಗೀತೆ, ಪ್ರಸಿದ್ಧ ಗಾಯಕರ ದೇವರನಾಮ ಮೊದಲಾದ ಪ್ರಕಟಿತ ಧ್ವನಿಮುದ್ರಣಗಳು ಮೊದಲನೆಯ ಬಗೆ. ಮನೆಯ ಹಿರಿಯರು ಹಾಡಿದ ಬೀಸುವ ಪದ, ಮಠದ ಭಜನೆ, ಮದುವೆಯ ಸೋಬಾನೆ, ಬಯಲಾಟದ ಪದ ಮೊದಲಾದ ಖಾಸಗಿ ಧ್ವನಿಮುದ್ರಣಗಳು ಎರಡನೆಯ ಬಗೆ. ಮೊದಲನೆಯದು ಕಳೆದರೆ ಮತ್ತೆ ಕೊಳ್ಳಬಹುದು. ಎರಡನೆಯದರ ಪ್ರತಿ ಬೇರೆಲ್ಲಿಯೂ ಇರುವುದಿಲ್ಲ. ಹಾಡಿದವರು ತೀರಿಕೊಂಡಿದ್ದರೆ ಮರಳಿ ಧ್ವನಿಮುದ್ರಿಸುವುದೂ ಸಾಧ್ಯವಿಲ್ಲ. ಸಂಗ್ರಹದ ನಿರ್ವಹಣೆಯಲ್ಲಿ ಈ ಭೇದವನ್ನು ಮೊದಲು ಗುರುತಿಸುವುದು ಅವಶ್ಯಕ.

ಅಂತರ್ಜಾಲ ಅಗ್ಗವಾಗುವ ಮುನ್ನ ಕರ್ನಾಟಕದ ಸಣ್ಣ ಊರುಗಳಲ್ಲಿ ಮೊಬೈಲ್ ಅಂಗಡಿಗೆ ಹೋಗಿ, ಹಣ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ರೂಢಿಯಿತ್ತು. 2016ರ ನಂತರ ಅಗ್ಗದ 4ಜಿ ಸಂಪರ್ಕ ಬಂದಂತೆ ಜನ ನೇರಪ್ರಸಾರದ ಸಂಗೀತ ಸೇವೆಗಳತ್ತ ಹೊರಳಿದರು. ಇಂತಹ ಸೇವೆಗಳು ಯಾರು, ಯಾವಾಗ, ಯಾವ ಹಾಡನ್ನು ಎಷ್ಟು ಹೊತ್ತು ಕೇಳಿದರೆಂಬುದನ್ನು ದಾಖಲಿಸುತ್ತವೆ. ಜೊತೆಗೆ ಸೇವೆಗಳು ಶಾಶ್ವತವೂ ಅಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ತನ್ನಲ್ಲಿಗೆ ಹಲವು ವರ್ಷಗಳಿಂದ ಬಳಕೆದಾರರು ಏರಿಸಿದ್ದ ಹಾಡುಗಳು ಸರ್ವರ್ ಸ್ಥಳಾಂತರದ ವೇಳೆ ನಾಶವಾದವೆಂದು ಮೈಸ್ಪೇಸ್ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು.

ಬದಲಾವಣೆಗೆ ಮುನ್ನ

ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಲು ಬೂಟ್‌ಲೋಡರಿನ ಬೀಗ ತೆಗೆಯಬೇಕಾಗುತ್ತದೆ. ಬೀಗ ತೆಗೆದ ಕ್ಷಣದಲ್ಲಿ ಫೋನಿನ ಆಂತರಿಕ ಸ್ಥಳದಲ್ಲಿರುವ ಎಲ್ಲ ಮಾಹಿತಿ ಅಳಿಸಿಹೋಗುತ್ತದೆ. ಇದು ದೋಷವಲ್ಲ, ಕದ್ದ ಫೋನಿನಿಂದ ಮಾಹಿತಿ ತೆಗೆಯದಂತೆ ತಡೆಯಲು ಮಾಡಿದ ಏರ್ಪಾಡು. ಗೂಢಲಿಪೀಕರಣದ ಕೀಲಿಯೂ ಅಳಿಯುವುದರಿಂದ ಅಳಿಸಿದ ಕಡತಗಳನ್ನು ಮರಳಿ ಪಡೆಯುವುದು ಸಾಧ್ಯವಾಗುವುದಿಲ್ಲ. ಆದಕಾರಣ ಮೊದಲು ಕೆಳಗಿನ ಸ್ಥಳಗಳನ್ನು ಪರಿಶೀಲಿಸಿ, ಎಲ್ಲವನ್ನೂ ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು.

* ಹಾಡು ಮತ್ತು ಡೌನ್‌ಲೋಡ್ ಕಡತಕೋಶಗಳು: ನೇರವಾಗಿ ನಕಲು ಮಾಡಬಹುದು.
* ಧ್ವನಿಮುದ್ರಣ ಆ್ಯಪ್‌ನ ಕಡತಗಳು: ತಯಾರಕರಿಂದ ತಯಾರಕರಿಗೆ ಇವುಗಳ ಸ್ಥಳ ಬೇರೆಯಾಗುತ್ತದೆ. ಆ್ಯಪ್ ತೆರೆದು ಪ್ರತಿ ಧ್ವನಿಮುದ್ರಣವನ್ನೂ ಗುರುತಿಸುವುದು ಕ್ಷೇಮ.
* ವಾಟ್ಸ್ಆ್ಯಪ್ ಧ್ವನಿ ಸಂದೇಶಗಳು: ಬಂಧುಗಳು ಕಳುಹಿಸಿದ ಹಾಡುಗಳು ಹಲವು ವೇಳೆ ಇರುವುದು ಇಲ್ಲಿಯೇ. ಇವು ಓಪಸ್ ಸ್ವರೂಪದಲ್ಲಿ, ದಿನಾಂಕದ ಹೆಸರಿನಲ್ಲಿ ಶೇಖರವಾಗಿರುತ್ತವೆ. ಆಂಡ್ರಾಯ್ಡಿನಲ್ಲಿ ವಾಟ್ಸ್ಆ್ಯಪ್ ತನ್ನ ದೂರಪ್ರತಿಯನ್ನು ಗೂಗಲ್ ಖಾತೆಯಲ್ಲಿ ಇಡುವುದರಿಂದ, ಗೂಗಲ್ ಖಾತೆಯಿಲ್ಲದ ಫೋನಿನಲ್ಲಿ ಆ ಪ್ರತಿಯನ್ನು ನೆಚ್ಚಿಕೊಳ್ಳುವಂತಿಲ್ಲ.
* ಸಂಗೀತ ಸೇವೆಗಳಲ್ಲಿ ಇಳಿಸಿಕೊಂಡ ಹಾಡುಗಳು: ಇವು ಗೂಢಲಿಪಿಯಲ್ಲಿದ್ದು ಆಯಾ ಆ್ಯಪ್‌ನಲ್ಲಿ ಮಾತ್ರ ನುಡಿಯುತ್ತವೆ. ನಕಲು ಮಾಡಿದರೂ ಪ್ರಯೋಜನವಿಲ್ಲ. ಹಾಡುಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಬಹುದು.
* ಮೆಮೊರಿ ಕಾರ್ಡ್: ಆಂಡ್ರಾಯ್ಡ್ 6ರಿಂದ (2015) ಕಾರ್ಡನ್ನು ಫೋನಿನ ಆಂತರಿಕ ಸ್ಥಳದ ಭಾಗವಾಗಿ ಸೇರಿಸಿಕೊಳ್ಳುವ ಸೌಲಭ್ಯ ಬಂದಿದೆ. ಹಾಗೆ ಸೇರಿಸಿದ ಕಾರ್ಡಿನ ಕೀಲಿ ಫೋನಿನಲ್ಲೇ ಇರುತ್ತದೆ. ಫೋನ್ ಅಳಿಸಿದರೆ ಕಾರ್ಡು ಕೈಯಲ್ಲಿದ್ದರೂ ಅದನ್ನು ಓದಲಾಗುವುದಿಲ್ಲ. ಒಯ್ಯಬಹುದಾದ ಸ್ಥಳವಾಗಿ ಬಳಸಿದ ಕಾರ್ಡಿಗೆ ಈ ತೊಂದರೆಯಿಲ್ಲ. ಆದರೆ ಅದು ಗೂಢಲಿಪಿಯಲ್ಲಿ ಇರುವುದಿಲ್ಲವಾದ್ದರಿಂದ ಕಳೆದುಹೋದರೆ ಸಿಕ್ಕಿದವರು ಓದಬಲ್ಲರು.

ನಕಲು ಮಾಡಿದ ಮೇಲೆ ಕಡತಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಎರಡೂ ಕಡೆ ಹೋಲಿಸಿ, ಕೆಲವನ್ನು ಗಣಕದಲ್ಲಿ ನುಡಿಸಿ ನೋಡಿದ ನಂತರವೇ ಬೀಗ ತೆಗೆಯುವುದು ಯುಕ್ತ.

ಕಡತದ ಸ್ವರೂಪ ಮತ್ತು ಸ್ಥಳದ ಲೆಕ್ಕ

ಧ್ವನಿ ಕಡತಗಳನ್ನು ಮೂರು ವರ್ಗವಾಗಿ ವಿಂಗಡಿಸಬಹುದು. ವೇವ್ ಕಡತದಲ್ಲಿ ಧ್ವನಿ ಸಂಕುಚಿತವಾಗದೆ ಇರುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಸ್ವರೂಪ ಧ್ವನಿಯ ಯಾವ ಅಂಶವನ್ನೂ ಬಿಡದೆ ಗಾತ್ರವನ್ನು ಕಡಿಮೆ ಮಾಡುತ್ತದೆ. ಎಂಪಿ3 ಮತ್ತು 2012ರಲ್ಲಿ ಮಾನಕವಾದ ಓಪಸ್ ಸ್ವರೂಪಗಳು ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು ಗಾತ್ರವನ್ನು ಬಹಳ ಕುಗ್ಗಿಸುತ್ತವೆ. ಎಂಪಿ3 ತಂತ್ರಜ್ಞಾನದ ಪರವಾನಗಿ ಕಾರ್ಯಕ್ರಮ 2017ರಲ್ಲಿ ಕೊನೆಗೊಂಡಿದ್ದು, ಇಂದು ಅದರ ಬಳಕೆಗೆ ಶುಲ್ಕವಿಲ್ಲ.

ಒಂದು ಗಂಟೆಯ ಧ್ವನಿಗೆ ಬೇಕಾಗುವ ಸ್ಥಳ ಹೀಗಿದೆ:

* ವೇವ್ (ಸಿ.ಡಿ. ಗುಣಮಟ್ಟ, ಸೆಕೆಂಡಿಗೆ 1,411 ಕಿಲೋಬಿಟ್): ಸುಮಾರು 635 ಎಂ.ಬಿ.
* ಫ್ಲ್ಯಾಕ್: ಸಾಮಾನ್ಯವಾಗಿ ಅದರ ಅರ್ಧದಿಂದ ಮೂರನೆಯ ಎರಡು ಭಾಗ
* ಎಂಪಿ3 (320 ಕಿಲೋಬಿಟ್): 144 ಎಂ.ಬಿ.
* ಎಂಪಿ3 (128 ಕಿಲೋಬಿಟ್): ಸುಮಾರು 58 ಎಂ.ಬಿ.
* ಓಪಸ್ (96 ಕಿಲೋಬಿಟ್): ಸುಮಾರು 43 ಎಂ.ಬಿ.

ಈ ಲೆಕ್ಕದಂತೆ 60 ನಿಮಿಷದ ನೂರು ಕ್ಯಾಸೆಟ್‌ಗಳ ಸಂಗ್ರಹವು 128 ಕಿಲೋಬಿಟ್‌ನ ಎಂಪಿ3 ಆದರೆ 6 ಜಿ.ಬಿ.ಗೂ ಕಡಿಮೆ ಸ್ಥಳದಲ್ಲಿ, ಫ್ಲ್ಯಾಕ್ ಆದರೆ ಸುಮಾರು 32ರಿಂದ 42 ಜಿ.ಬಿ. ಸ್ಥಳದಲ್ಲಿ ಹಿಡಿಯುತ್ತದೆ. ಎಂಪಿ3 ಕಡತವನ್ನು ಫ್ಲ್ಯಾಕ್‌ಗೆ ಪರಿವರ್ತಿಸಿದರೆ ಗಾತ್ರ ಹೆಚ್ಚುವುದೇ ಹೊರತು ಬಿಟ್ಟುಹೋದ ಅಂಶ ಮರಳಿ ಬರುವುದಿಲ್ಲ. ಆದ್ದರಿಂದ ಕ್ಯಾಸೆಟ್‌ನಿಂದ ಇಳಿಸುವ ಅಪರೂಪದ ಧ್ವನಿಯನ್ನು ಮೊದಲೇ ಫ್ಲ್ಯಾಕ್ ಆಗಿ ಗಣಕದಲ್ಲಿ ಇಟ್ಟು, ಅದರಿಂದ ತಯಾರಿಸಿದ ಚಿಕ್ಕ ಪ್ರತಿಯನ್ನು ಫೋನಿಗೆ ಒಯ್ಯುವುದು ವಾಡಿಕೆ. ಕ್ಯಾಸೆಟ್ ಪ್ಲೇಯರನ್ನು ಗಣಕಕ್ಕೆ ಜೋಡಿಸಿ ಧ್ವನಿ ಇಳಿಸಲು ಅಡಾಸಿಟಿ ಎಂಬ ಉಚಿತ ತಂತ್ರಾಂಶ ಬಳಕೆಯಲ್ಲಿದೆ. ಕ್ಯಾಸೆಟ್ ನುಡಿಯಲು ಎಷ್ಟು ಹೊತ್ತು ಬೇಕೋ ಇಳಿಸಲೂ ಅಷ್ಟೇ ಹೊತ್ತು ಬೇಕು.

ಹೆಸರು ಮತ್ತು ವಿವರಗಳು

ಕಡತದ ಒಳಗೇ ಹಾಡಿನ ಹೆಸರು, ಹಾಡಿದವರು, ರಚಿಸಿದವರು, ವರ್ಷ ಮೊದಲಾದ ವಿವರಗಳನ್ನು ಬರೆದಿಡಬಹುದು. ಎಂಪಿ3 ಕಡತಗಳಲ್ಲಿ ಈ ವಿವರಪಟ್ಟಿಗೆ ಐಡಿ3 ಎಂದು ಹೆಸರು. ಇದರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಸ್ಥಳವಿತ್ತು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಅದರಲ್ಲಿ ಹತ್ತು ಸಂಕೇತಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಎರಡನೆಯ ಆವೃತ್ತಿಯಲ್ಲಿ ಈ ಮಿತಿಯಿಲ್ಲ. ಯೂನಿಕೋಡ್ ಕನ್ನಡದಲ್ಲಿ ವಿವರ ಬರೆಯುವವರು ಎರಡನೆಯ ಆವೃತ್ತಿಯನ್ನೇ ಆರಿಸಬೇಕು.

ದೇವರನಾಮಗಳ ವಿಂಗಡಣೆಗೆ ಅಂಕಿತವೇ ಉತ್ತಮ ಆಧಾರ. 'ವಿಜಯವಿಠಲ' ಎಂಬ ಅಂಕಿತ ವಿಜಯದಾಸರದು, 'ಗೋಪಾಲವಿಠಲ' ಗೋಪಾಲದಾಸರದು, 'ಜಗನ್ನಾಥವಿಠಲ' ಜಗನ್ನಾಥದಾಸರದು. ಹಾಡಿನ ಕೊನೆಯ ನುಡಿಯನ್ನು ಆಲಿಸಿ ರಚಿಸಿದವರ ಸ್ಥಾನದಲ್ಲಿ ಅದನ್ನು ಬರೆದರೆ, ಹಾಡಿದವರು ಯಾರೇ ಆಗಿರಲಿ, ಒಬ್ಬ ದಾಸರ ಪದಗಳೆಲ್ಲ ಒಂದೆಡೆ ದೊರೆಯುತ್ತವೆ. ಮನೆಯ ಧ್ವನಿಮುದ್ರಣಗಳಿಗೆ ಹಾಡಿದವರ ಹೆಸರು, ಊರು, ಸಂದರ್ಭ, ದಿನಾಂಕ ಇಷ್ಟನ್ನಾದರೂ ಬರೆಯುವುದು ಅವಶ್ಯಕ. ದಿನಾಂಕದ ಹೆಸರಿನ ಧ್ವನಿ ಸಂದೇಶವೊಂದು ಯಾರದೆಂದು ಗುರುತಿಸಬಲ್ಲವರು ಇರುವಾಗಲೇ ಈ ಕೆಲಸ ಮುಗಿಯಬೇಕು.

ವರ್ಗಾವಣೆ ಮತ್ತು ಆಲಿಕೆ

ಯುಎಸ್‌ಬಿ ತಂತಿಯ ಮೂಲಕ ಗಣಕದಿಂದ ಫೋನಿಗೆ ಕಡತಗಳನ್ನು ನಕಲು ಮಾಡುವುದು ಸರಳ ವಿಧಾನ. ಇದಕ್ಕೆ ಅಂತರ್ಜಾಲವೂ ಖಾತೆಯೂ ಬೇಕಿಲ್ಲ. ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶವು ಮನೆಯ ವೈಫೈ ಮೂಲಕ ಎರಡು ಉಪಕರಣಗಳ ಕಡತಕೋಶಗಳನ್ನು ಒಂದೇ ರೀತಿ ಇಡುತ್ತದೆ. ಒಂದು ಕಡೆ ಅಳಿಸಿದ ಕಡತ ಇನ್ನೊಂದು ಕಡೆಯೂ ಅಳಿಯುವುದರಿಂದ ಇದನ್ನು ಕಾಪುಪ್ರತಿಯೆಂದು ಭಾವಿಸಬಾರದು.

ವಿಎಲ್‌ಸಿಯಂತಹ ಮುಕ್ತ ಆ್ಯಪ್‌ಗಳು ಮೇಲೆ ಹೇಳಿದ ಎಲ್ಲ ಸ್ವರೂಪಗಳನ್ನೂ ನುಡಿಸುತ್ತವೆ. ಆಂಡ್ರಾಯ್ಡ್ 13ರಿಂದ ಸಂಗೀತ, ಚಿತ್ರ ಮತ್ತು ವಿಡಿಯೊ ಕಡತಗಳಿಗೆ ಪ್ರತ್ಯೇಕ ಅನುಮತಿಗಳಿವೆ. ಹಾಡು ನುಡಿಸುವ ಆ್ಯಪ್‌ಗೆ ಸಂಗೀತ ಮತ್ತು ಆಡಿಯೊ ಅನುಮತಿಯೊಂದೇ ಸಾಕು. ಸಂಪರ್ಕ ಸಂಖ್ಯೆ, ನೆಲೆ, ಮೈಕ್ರೊಫೋನ್ ಇವುಗಳನ್ನು ಕೇಳಿದರೆ ನಿರಾಕರಿಸಬಹುದು.

ಪ್ರತಿಗಳ ಸಂರಕ್ಷಣೆ

ಕಡತಗಳ ಸಂರಕ್ಷಣೆಗೆ 3-2-1 ಎಂಬ ಸೂತ್ರ ಪ್ರಚಲಿತವಾಗಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಇದನ್ನು ಜನಪ್ರಿಯಗೊಳಿಸಿದರು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬುದು ಇದರ ಅರ್ಥ. ಮಾನ್ವಿಯ ಒಂದು ಕುಟುಂಬ ಫೋನಿನಲ್ಲಿ ಒಂದು ಪ್ರತಿಯನ್ನೂ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದನ್ನೂ ಇಟ್ಟು, ಮೂರನೆಯದನ್ನು ರಾಯಚೂರಿನಲ್ಲಿರುವ ಬಂಧುವಿನ ಮನೆಯಲ್ಲಿ ಇರಿಸಿದರೆ ಸೂತ್ರ ಪೂರ್ಣಗೊಳ್ಳುತ್ತದೆ. ಇದಕ್ಕೆ ಯಾವ ಸೇವಾ ಸಂಸ್ಥೆಯ ಖಾತೆಯೂ ಬೇಕಾಗುವುದಿಲ್ಲ. ಬೇರೆಡೆ ಇಡುವ ಪ್ರತಿಗೆ ಗುಪ್ತಪದದ ರಕ್ಷಣೆ ಕೊಡುವುದಾದರೆ, ಆ ಗುಪ್ತಪದವನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು.

ರಾಯಚೂರು ಪ್ರದೇಶದಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಅದು ಇನ್ನೂ ಹೆಚ್ಚು. ಅಧಿಕ ಶಾಖದಿಂದ ಫೋನಿನ ಬ್ಯಾಟರಿ ಬೇಗ ಸವೆಯುತ್ತದೆ, ಕ್ಯಾಸೆಟ್‌ನ ಕವಚ ಮತ್ತು ಪಟ್ಟಿ ಕೆಡುತ್ತವೆ, ಮೆಮೊರಿ ಕಾರ್ಡು ಮತ್ತು ಪೆನ್‌ಡ್ರೈವುಗಳು ಮಾಹಿತಿ ಹಿಡಿದಿಡುವ ಅವಧಿ ತಗ್ಗುತ್ತದೆ. ಇವನ್ನು ನೆರಳಿನ, ಒಣ ಜಾಗದಲ್ಲಿ ಇಡುವುದು ಒಳ್ಳೆಯದು. ವರ್ಷಕ್ಕೊಮ್ಮೆಯಾದರೂ ಪ್ರತಿಗಳನ್ನು ತೆರೆದು ನೋಡಬೇಕು.

ಮಾರುಕಟ್ಟೆಯಲ್ಲಿ ಇಲ್ಲದ ಸಾಮರ್ಥ್ಯವನ್ನು ತೋರಿಸುವ ನಕಲಿ ಕಾರ್ಡುಗಳೂ ಇವೆ. ಇಂತಹ ಕಾರ್ಡು ನಿಜವಾದ ಸಾಮರ್ಥ್ಯ ಮುಗಿದ ಮೇಲೂ ಕಡತ ಸೇರಿತೆಂದೇ ತೋರಿಸುತ್ತದೆ. ನುಡಿಸಲು ಹೋದಾಗ ಹಾಡು ಇರುವುದಿಲ್ಲ. ಹೊಸ ಕಾರ್ಡನ್ನು ಎಫ್3ಯಂತಹ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಓದಿ ಪರೀಕ್ಷಿಸಬಹುದು.

ಕೃತಿಸ್ವಾಮ್ಯ ಮತ್ತು ಹಾಡಿದವರ ಖಾಸಗಿತನ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ದಾಸರ ಪದಗಳಿಗೆ ಈಗ ಕೃತಿಸ್ವಾಮ್ಯವಿಲ್ಲ. ಆದರೆ ಅವುಗಳನ್ನು ಇಂದಿನ ಗಾಯಕರು ಹಾಡಿದ ಧ್ವನಿಮುದ್ರಣಕ್ಕೆ ಇದೆ. ಸ್ವಂತ ಬಳಕೆಗೆ ನ್ಯಾಯಯುತ ಉಪಯೋಗವನ್ನು ಕಾನೂನು ಒಪ್ಪುತ್ತದೆ. ಹಂಚುವುದು, ಮಾರುವುದು ಅದರಲ್ಲಿ ಸೇರುವುದಿಲ್ಲ.

ಹಾಡಿದವರಿಗೂ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ಹಕ್ಕಿದ್ದು, ಅದು 50 ವರ್ಷ ಇರುತ್ತದೆ. ಹೊಲದಲ್ಲಿ ಹಾಡಿದ ಕೂಲಿಕಾರ ಮಹಿಳೆಗೂ ವೇದಿಕೆಯ ಗಾಯಕರಿಗೂ ಈ ವಿಷಯದಲ್ಲಿ ಭೇದವಿಲ್ಲ. ಮನೆಯೊಳಗಿನ ವೈಯಕ್ತಿಕ ಬಳಕೆಗೆ 2023ರ ದತ್ತಾಂಶ ಸಂರಕ್ಷಣಾ ಅಧಿನಿಯಮ ಅನ್ವಯಿಸುವುದಿಲ್ಲ. ಆದರೂ ಒಬ್ಬರ ಧ್ವನಿ ಅವರ ವೈಯಕ್ತಿಕ ಮಾಹಿತಿಯೇ. ತನ್ನ ಮಾಹಿತಿ ಒಪ್ಪಿಗೆಯಿಲ್ಲದೆ ಹೊರಹೋಗಬಾರದೆಂದು ಫೋನ್ ಬದಲಿಸುವ ವ್ಯಕ್ತಿ, ಇನ್ನೊಬ್ಬರ ಹಾಡನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಅವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯುವುದು ಅದೇ ತತ್ವದ ಮುಂದುವರಿಕೆ.

ಮಿತಿಗಳು

ಫೋನ್ ಬದಲಿಸಿದ ಮಾತ್ರಕ್ಕೆ ಖಾಸಗಿತನ ಸಂಪೂರ್ಣವಾಗುವುದಿಲ್ಲ. ಫೋನು ಯಾವ ಗೋಪುರದ ವ್ಯಾಪ್ತಿಯಲ್ಲಿದೆ, ಯಾರಿಗೆ ಕರೆ ಹೋಯಿತು ಎಂಬುದು ದೂರಸಂಪರ್ಕ ಸಂಸ್ಥೆಗೆ ತಿಳಿದೇ ಇರುತ್ತದೆ. ವಾಟ್ಸ್ಆ್ಯಪ್ ಅಥವಾ ಫೇಸ್‌ಬುಕ್ ಆ್ಯಪ್ ಅಳವಡಿಸಿಕೊಂಡರೆ ಅವು ಎಂದಿನಂತೆ ತಮ್ಮ ದಾಖಲೆಯನ್ನು ಇಡುತ್ತವೆ.

ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಗೂಗಲ್ ಪ್ರಮಾಣೀಕರಿಸದ ವ್ಯವಸ್ಥೆಗಳಲ್ಲಿ ಕೆಲಸ ಮಾಡುವುದಿಲ್ಲ. ಅಂತಹವರು ಹಣದ ವ್ಯವಹಾರಕ್ಕೆ ಹಳೆಯ ಫೋನನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಅಂತರ್ಜಾಲವಿಲ್ಲದೆ ನಡೆಯುವ *99# ಸೇವೆಯನ್ನು ಬಳಸಬಹುದು. ಎಲ್ಲ ಮಾದರಿಯ ಫೋನುಗಳಿಗೂ ಹೊಸ ವ್ಯವಸ್ಥೆ ಹೊಂದುವುದಿಲ್ಲ. ಅಳವಡಿಕೆ ಮಧ್ಯದಲ್ಲಿ ನಿಂತರೆ ಫೋನು ತೆರೆಯದೇ ಹೋಗಬಹುದು. ವಿದ್ಯುತ್ ಕಡಿತದ ಸಾಧ್ಯತೆಯಿರುವ ಊರುಗಳಲ್ಲಿ ಬ್ಯಾಟರಿಯಿರುವ ಲ್ಯಾಪ್‌ಟಾಪಿನಿಂದ ಈ ಕೆಲಸ ಮಾಡುವುದು ಲೇಸು.

ವ್ಯವಸ್ಥೆಯನ್ನು ಬದಲಿಸದೆಯೂ ಖಾಸಗಿತನವನ್ನು ಒಂದು ಮಟ್ಟಕ್ಕೆ ಹೆಚ್ಚಿಸಿಕೊಳ್ಳಬಹುದು. ಈಗಿರುವ ಫೋನಿನಲ್ಲೇ ಜಾಹೀರಾತು ಗುರುತನ್ನು ಅಳಿಸುವುದು, ಅನವಶ್ಯಕ ಅನುಮತಿಗಳನ್ನು ಹಿಂಪಡೆಯುವುದು, ಸ್ವಂತ ಕಡತಗಳಿಂದ ಹಾಡು ಕೇಳುವುದು ಇವು ಯಾರೂ ಮಾಡಬಹುದಾದ ಕ್ರಮಗಳು. ಇವುಗಳಲ್ಲಿ ಯಾವುದನ್ನು ಆರಿಸಿದರೂ, ಬೇರೆಲ್ಲಿಯೂ ದೊರೆಯದ ಧ್ವನಿಮುದ್ರಣಗಳ ಪ್ರತಿ ಮಾಡುವುದು ಮೊದಲ ಕೆಲಸವಾಗಿರುತ್ತದೆ.

ಇವನ್ನೂ ನೋಡಿ

* ಖಾಸಗಿತನದ ಹಕ್ಕು
* ಮುಕ್ತ ತಂತ್ರಾಂಶ
* ಆಂಡ್ರಾಯ್ಡ್
* ಎಂಪಿ3
* ದಾಸ ಸಾಹಿತ್ಯ
* ರಾಯಚೂರು ಜಿಲ್ಲೆ